ಟೇಕಡಿಯ ಮೇಲಿನ ಪಾಠಶಾಲೆ

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯನ್ನು ಅರಿಯದ ಕನ್ನಡಿಗ ಹೋಟೆಲ್ ಕೆಲಸಗಾರರು ಈ ನಗರದಲ್ಲಿ ಇರಲಾರರು. ದಿವಂಗತ ಜಗನ್ನಾಥ ಶೆಟ್ಟರು ಬೆಳೆಸಿದ ವೈಶಾಲಿಯಂಥ ಉಪಾಹಾರ ಗೃಹಗಳಿಂದ ಆ ರಸ್ತೆಗೆ ಇಡ್ಲಿ ಸಾಂಬಾರಿನ ಪರಿಮಳ ಸೇರಿ ಎಷ್ಟೋ ದಶಕಗಳು ಸಂದವು. ಆದರೆ ಆ ರಸ್ತೆಯ ಬೆನ್ನಿಗೇ ಒಂದು ಗುಡ್ಡವಿರುವುದನ್ನು ನಮ್ಮವರಲ್ಲಿ ಎಷ್ಟು ಮಂದಿ ಕಣ್ಣೆತ್ತಿ ನೋಡಿರಬಹುದು? ಕಾಲೇಜಿನ ಹಿಂದೆ ಹನುಮಾನ್ ಟೇಕಡಿ; ಅದರ ಆಚೆ ಸೇನಾಪತಿ ಬಾಪಟ ರಸ್ತೆಯನ್ನು ದಾಟಿದರೆ ವೇತಾಳ ಟೇಕಡಿ. ಟೇಕಡಿಯೆಂದರೆ ಮರಾಠಿಯಲ್ಲಿ ಗುಡ್ಡವೆಂದೇ ಅರ್ಥ. ಪುಣೆ ನಗರವು ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದಲ್ಲಿದ್ದರೆ, ವೇತಾಳ ಟೇಕಡಿಯ ನೆತ್ತಿಯು 800 ಮೀಟರಿನ ಆಸುಪಾಸಿನಲ್ಲಿದೆ.

ಬೆಳಗಿನ ಜಾವ ಒಲೆ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ಬಾಗಿಲು ಎಳೆಯುವವರಿಗೆ ಗುಡ್ಡ ನೋಡಲು ಪುರಸೊತ್ತೆಲ್ಲಿ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಅವರ ಮಕ್ಕಳಿಗೆ ಬೇಸಿಗೆಯ ರಜೆಯುಂಟು. ಆ ರಜೆಯ ಕೆಲವು ದಿನಗಳನ್ನು ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ಹೇಗೆ ಕಳೆಯಬಹುದು ಎಂಬುದನ್ನು ನಾವು ಈಚೆಗೆ ಒಂದು ಪರಿಸರ ಅಭ್ಯಾಸ ಶಿಬಿರದಲ್ಲಿ ಕಂಡು ಬಂದೆವು. ಕಂಡುದನ್ನು ನಮ್ಮ ವಾಚಕರಿಗೆ, ಅದರಲ್ಲಿಯೂ ಮಕ್ಕಳ ತಂದೆ ತಾಯಿಯರಿಗೆ, ತಿಳಿಸುವುದು ನಮ್ಮ ಕರ್ತವ್ಯವೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಪುಸ್ತಕವಿಲ್ಲದ ಪಾಠ

ಮೇ ತಿಂಗಳ ಒಂದು ಮುಂಜಾನೆ ಆರು ಗಂಟೆಗೆ ಲಾ ಕಾಲೇಜು ರಸ್ತೆಯ ಬದಿಯಲ್ಲಿ ಇಪ್ಪತ್ತೈದು ಮಕ್ಕಳು ಕೂಡಿದ್ದರು. ತಲೆಗೆ ಟೋಪಿ, ಹೆಗಲಿಗೆ ನೀರಿನ ಬಾಟಲಿ, ಕೈಯಲ್ಲಿ ಒಂದು ವಹಿ ಮತ್ತು ಸೀಸದ ಕಡ್ಡಿ. ಪಠ್ಯಪುಸ್ತಕ ಒಂದೂ ಇರಲಿಲ್ಲ. ಮರಾಠಿ ಮಕ್ಕಳ ನಡುವೆ ನಮ್ಮವರ ಮಕ್ಕಳೂ ಮೂವರಿದ್ದರು: ಒಬ್ಬ ಹೋಟೆಲ್ ಕ್ಯಾಷಿಯರರ ಮಗ, ಒಬ್ಬ ಅಡುಗೆಯವರ ಮಗಳು, ಒಬ್ಬ ಬ್ಯಾಂಕ್ ಗುಮಾಸ್ತರ ಮಗ.

ಶಿಬಿರದ ಶಿಕ್ಷಕಿಯು ಮೊದಲು ಮಾಡಿದ ಕೆಲಸವನ್ನು ಕಂಡು ನಮಗೆ ಆಶ್ಚರ್ಯವಾಯಿತು. ಅವರು ಉಪನ್ಯಾಸ ಕೊಡಲಿಲ್ಲ. ನಾಲ್ಕು ನಾಲ್ಕು ಮಕ್ಕಳಿಗೆ ಒಂದೊಂದು ಹುರಿಯನ್ನು ಕೊಟ್ಟು, ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಚೌಕವನ್ನು ನೆಲದ ಮೇಲೆ ಹಾಕಿಸಿದರು. "ಈ ಚೌಕದೊಳಗೆ ಏನೇನಿದೆಯೋ ಅದನ್ನೆಲ್ಲ ಬರೆಯಿರಿ. ಹೆಸರು ತಿಳಿಯದಿದ್ದರೆ ಚಿತ್ರ ಬಿಡಿಸಿರಿ," ಎಂದಷ್ಟೇ ಹೇಳಿದರು.

ಮಕ್ಕಳು ಮೊದಲು "ಏನೂ ಇಲ್ಲ, ಒಣಹುಲ್ಲು ಮಾತ್ರ" ಎಂದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ವಹಿಯ ಪುಟವು ಸಾಲದಾಯಿತು. ಎರಡು ಬಗೆಯ ಇರುವೆ, ಗೆದ್ದಲು ಕಟ್ಟಿದ ಮಣ್ಣಿನ ಪೊರೆ, ಯಾವುದೋ ಹಕ್ಕಿಯ ಗರಿ, ಬಸವನ ಹುಳುವಿನ ಬಿಳಿಯ ಚಿಪ್ಪು, ಮಳೆಗಾಗಿ ಕಾದು ಮಲಗಿದ ನಾಲ್ಕಾರು ಬಗೆಯ ಬೀಜ. ಇಲ್ಲವೆಂದು ಹೇಳಿದ ಜಾಗದಲ್ಲಿ ಇಷ್ಟು ಇದ್ದುದನ್ನು ತಾವೇ ಕಂಡುಕೊಂಡ ಮಕ್ಕಳ ಮುಖವನ್ನು ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವರ ಮುಖದೊಡನೆ ಹೋಲಿಸಬಹುದಾಗಿತ್ತು.

ಕಪ್ಪು ಕಲ್ಲು, ಮುರಕಲ್ಲು

ಟೇಕಡಿಯ ಮೇಲೆ ಹಳೆಯ ಕಲ್ಲುಗಣಿಯೊಂದಿದೆ. ಕಡಿದುಬಿಟ್ಟ ಕಲ್ಲಿನ ಗೋಡೆಯನ್ನು ತೋರಿಸಿ, ಈ ಕಪ್ಪು ಕಲ್ಲು ಎಲ್ಲಿಂದ ಬಂತೆಂದು ಶಿಕ್ಷಕಿ ಕೇಳಿದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಕರಗಿದ ಕಲ್ಲು ಉಕ್ಕಿ ಹರಿದು, ಪದರದ ಮೇಲೆ ಪದರವಾಗಿ ಆರಿ ದಖ್ಖನಿನ ಈ ನೆಲವಾಯಿತು. ಭೂಶಾಸ್ತ್ರಜ್ಞರು ಇದನ್ನು ಬಸಾಲ್ಟ್ ಎಂದು ಕರೆಯುತ್ತಾರೆ. ಕರಗಿದ ಕಲ್ಲಿನಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಪೊಟರೆಗಳಾಗಿ ಉಳಿದು, ಮುಂದೆ ಅವುಗಳಲ್ಲಿ ಜಿಯೋಲೈಟ್ ಎಂಬ ಬಿಳಿಯ ಹರಳುಗಳು ಬೆಳೆದವು. ಪುಣೆಯ ಸುತ್ತಿನ ಈ ಹರಳುಗಳು ಜಗತ್ತಿನಲ್ಲೆಲ್ಲ ಹೆಸರಾದವು.

ಕ್ಯಾಷಿಯರರ ಮಗನು ಒಂದು ಪ್ರಶ್ನೆ ಕೇಳಿದನು. ಕುಂದಾಪುರದ ಬಳಿಯ ತನ್ನ ಅಜ್ಜನ ಮನೆಯ ಗೋಡೆಯ ಕಲ್ಲು ಕೆಂಪಾಗಿದೆ. ಅದು ಮೆತ್ತಗಿದ್ದು ಕೊಡಲಿಯಂಥ ಉಳಿಯಲ್ಲಿ ಕಡಿಯಲು ಬರುತ್ತದೆ. ಅದೂ ಹೀಗೆಯೇ ಹುಟ್ಟಿತೋ ಎಂದು. ಆ ಮುರಕಲ್ಲಿನ ಕಥೆಯನ್ನು ಶಿಕ್ಷಕಿಯು ಹೇಳಿದಾಗ ನಾವೂ ಕಿವಿಗೊಟ್ಟು ಕೇಳಿದೆವು. ಭಾರಿ ಮಳೆಯು ಲಕ್ಷಾಂತರ ವರ್ಷ ಸುರಿದು ಕಲ್ಲಿನೊಳಗಿನ ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದರೆ, ಕಬ್ಬಿಣ, ಅಲ್ಯುಮಿನಿಯಂಗಳ ಅಂಶವು ಉಳಿದು ಕೆಂಪು ಕಲ್ಲಾಗುತ್ತದೆ. ಪುಣೆಯಿಂದ ದೂರವಲ್ಲದ ಮಹಾಬಳೇಶ್ವರ, ಪಂಚಗನಿಗಳ ನೆತ್ತಿಯ ಮೇಲೆಯೂ ಅಂಥ ಕೆಂಪು ಕಲ್ಲಿನ ಹೊದಿಕೆಯುಂಟು.

ಹಾಗಾದರೆ ಪುಣೆಯ ಗುಡ್ಡವೂ ಕುಂದಾಪುರದ ಹಿಂದಿನ ಘಟ್ಟವೂ ಬೇರೆ ಬೇರೆಯೇ? ಕಲ್ಲು ಬೇರೆ, ಆದರೆ ಸಾಲು ಒಂದೇ. ತಾಪಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ತನಕ ಸುಮಾರು 1600 ಕಿಲೋಮೀಟರು ಹಬ್ಬಿದ ಸಹ್ಯಾದ್ರಿಯ ಒಂದು ಮಗ್ಗುಲಲ್ಲಿ ನಮ್ಮ ಕರಾವಳಿಯವರ ಊರು. ಇನ್ನೊಂದು ಮಗ್ಗುಲಲ್ಲಿ ಅವರು ಅನ್ನವನ್ನು ಅರಸಿ ಬಂದ ಪುಣೆ. ಸಮುದ್ರದಿಂದ ಬರುವ ಮೋಡಗಳು ಘಟ್ಟಕ್ಕೆ ತಾಗಿ ಪಡುವಣ ಮಗ್ಗುಲಲ್ಲಿಯೇ ತಮ್ಮ ಹೊರೆಯನ್ನು ಇಳಿಸುತ್ತವೆ. ಮಂಗಳೂರಿನಲ್ಲಿ ವರ್ಷಕ್ಕೆ 350 ಸೆಂಟಿಮೀಟರಿಗೂ ಹೆಚ್ಚು ಮಳೆಯಾದರೆ ಪುಣೆಯಲ್ಲಿ ಆಗುವುದು ಸುಮಾರು 70 ಸೆಂಟಿಮೀಟರು. ಪುಣೆಯಿಂದ ಪಡುವಣಕ್ಕೆ ಐವತ್ತು ಅರವತ್ತು ಕಿಲೋಮೀಟರು ಹೋಗಿ ತಾಮ್ಹಿಣಿ ಘಟ್ಟವನ್ನು ಮುಟ್ಟಿದರೆ ಅಲ್ಲಿ ಮತ್ತೆ ನಮ್ಮ ಆಗುಂಬೆಯನ್ನು ನೆನಪಿಸುವ ಮಳೆ. ಇಷ್ಟನ್ನು ತಿಳಿದ ಹುಡುಗನಿಗೆ ಅಪ್ಪನ ಊರು ಪರವೂರಾಗಿ ಉಳಿಯಲಾರದು. ತಾನು ಹುಟ್ಟಿದ ಪುಣೆಯೂ ಪರವೂರಾಗಲಾರದು.

ಗೊಬ್ಬರದ ಗಿಡದ ಲೆಕ್ಕ

ಪುಣೆಯ ಗುಡ್ಡಗಳ ಮೇಲೆ ಎಲ್ಲೆಲ್ಲಿಯೂ ಕಾಣುವ ಒಂದು ಮರ ಗ್ಲಿರಿಸಿಡಿಯ. ನಮ್ಮ ಊರುಗಳ ತೋಟದವರು ಇದನ್ನು ಗೊಬ್ಬರದ ಗಿಡವೆಂದು ಕರೆದು, ಬೇಲಿಗೆ ನೆಟ್ಟು, ಸೊಪ್ಪನ್ನು ಗದ್ದೆಗೆ ಹಾಕುತ್ತಾರೆ. ಮೂಲದಲ್ಲಿ ಇದು ಮಧ್ಯ ಅಮೆರಿಕದ ಗಿಡ. ಬೇಗ ಬೆಳೆದು ಬೋಳು ಗುಡ್ಡವನ್ನು ಹಸುರು ಮಾಡುತ್ತದೆ ಎಂಬ ಒಳ್ಳೆಯ ಉದ್ದೇಶದಿಂದಲೇ ಇದನ್ನು ಇಲ್ಲಿ ನೆಟ್ಟರು. ಆದರೆ ಇದರ ದಟ್ಟಣೆಯಲ್ಲಿ ಗುಡ್ಡದ ಮೂಲ ಹುಲ್ಲುಗಳೂ ಮರಗಳೂ ಹಿಂದೆ ಬೀಳುತ್ತವೆ ಎಂದು ಪರಿಸರ ತಜ್ಞರು ಆಕ್ಷೇಪಿಸುತ್ತ ಬಂದಿದ್ದಾರೆ.

ಶಿಕ್ಷಕಿಯು ಯಾರ ಮಾತು ಸರಿಯೆಂದು ಹೇಳಲಿಲ್ಲ. ಅದೇ ಹುರಿಯ ಚೌಕವನ್ನು ಗೊಬ್ಬರದ ಗಿಡದ ಅಡಿಯಲ್ಲಿ ಐದು ಕಡೆ, ಮುತ್ತುಗ, ಕಕ್ಕೆಗಳಿರುವ ತೆರವಿನಲ್ಲಿ ಐದು ಕಡೆ ಹಾಕಿ ಎಣಿಸಿರಿ ಎಂದರು. ಹೋಟೆಲಿನ ಗಲ್ಲಾಪೆಟ್ಟಿಗೆಯ ಲೆಕ್ಕದಂತೆಯೇ ಇಲ್ಲಿಯೂ ಎರಡು ಬದಿಯ ಅಂಕಣಗಳು. ಮಕ್ಕಳ ಎಣಿಕೆಯಲ್ಲಿ ಗೊಬ್ಬರದ ಗಿಡದ ಬದಿಗೆ ಸಸ್ಯದ ಬಗೆಗಳು ಕಡಮೆ ಬಂದವು. ಆಗ ಅಡುಗೆಯವರ ಮಗಳು ಎದ್ದು, "ಹತ್ತು ಚೌಕಗಳಿಂದಲೇ ಇಡೀ ಗುಡ್ಡದ ವಿಷಯವನ್ನು ಹೇಳಬಹುದೇ? ಮಳೆ ಬಿದ್ದ ಮೇಲೆ ಮತ್ತೆ ಎಣಿಸಬೇಡವೇ?" ಎಂದು ಕೇಳಿದಳು. ಆ ಪ್ರಶ್ನೆಗಾಗಿಯೇ ಈ ಶಿಬಿರವನ್ನು ಮಾಡಿದ್ದು ಎಂದು ಶಿಕ್ಷಕಿಯು ನಮ್ಮ ಕಡೆ ತಿರುಗಿ ಮೆಲ್ಲನೆ ಹೇಳಿದರು.

ಹೊಳೆಯು ಎಲ್ಲಿಗೆ ಹೋಗುತ್ತದೆ?

ಎರಡನೆಯ ದಿನದ ಪಾಠ ಹೊಳೆಯದು. ಮಕ್ಕಳನ್ನು ಮೊದಲು ಖಡಕವಾಸಲೆಯ ಜಲಾಶಯಕ್ಕೂ ಆಮೇಲೆ ನಗರದೊಳಗೆ ಮುಳಾ, ಮುಠಾ ನದಿಗಳು ಕೂಡುವ ಸಂಗಮಕ್ಕೂ ಕರೆದೊಯ್ದರು. ಎರಡೂ ಕಡೆಯ ನೀರನ್ನು ಒಂದೇ ಅಳತೆಯ ಗಾಜಿನ ಸೀಸೆಗಳಲ್ಲಿ ತುಂಬಿ, ಹಿಂದೆ ಅಚ್ಚಾದ ಕಾಗದವನ್ನು ಹಿಡಿದರು. ಮೊದಲನೆಯ ಸೀಸೆಯ ಮೂಲಕ ಅಕ್ಷರಗಳನ್ನು ಓದಲು ಬಂತು. ಎರಡನೆಯದರ ಮೂಲಕ ಕಾಗದವೇ ಸರಿಯಾಗಿ ಕಾಣಲಿಲ್ಲ. ಬೇಸಿಗೆಯಲ್ಲಿ ನಗರದೊಳಗಿನ ಹೊಳೆಯಲ್ಲಿ ಹರಿಯುವುದರಲ್ಲಿ ಬಹುಪಾಲು ಮೋರಿಯ ನೀರೇ ಎಂಬುದನ್ನು ಮಕ್ಕಳಿಗೆ ಬೇರೆಯಾಗಿ ಹೇಳಬೇಕಾಗಲಿಲ್ಲ.

ಇದೇ ಹೊಳೆಯು 1961ನೆಯ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದಾಗ ಪುಣೆಯ ಹಳೆಯ ಪೇಟೆಗಳನ್ನು ಮುಳುಗಿಸಿತ್ತು. ಹೊಳೆಯನ್ನು ಮರೆತ ಊರಿಗೆ ಹೊಳೆಯು ತನ್ನ ನೆನಪನ್ನು ಮಾಡಿಕೊಡುತ್ತದೆ ಎಂದು ಒಬ್ಬ ಹಿರಿಯರು ಆ ದಿನಗಳ ಕಥೆಯನ್ನು ಹೇಳಿದರು.

ಬಳಿಕ ನಕಾಶೆಯನ್ನು ಬಿಡಿಸಿ, ಈ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಬೆರಳಿಟ್ಟು ಹಿಂಬಾಲಿಸಲು ಹೇಳಿದರು. ಮುಳಾಮುಠೆಯು ಭೀಮೆಯನ್ನು ಸೇರಿತು. ಭೀಮೆಯು 1980ರಲ್ಲಿ ಮುಗಿದ ಉಜನಿ ಅಣೆಕಟ್ಟನ್ನು ಹಾದು, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು, ವಿಜಯಪುರ, ಕಲಬುರಗಿ ಜಿಲ್ಲೆಗಳ ಸೀಮೆಗೆ ಬಂತು. ಗಾಣಗಾಪುರ, ಸನ್ನತಿಗಳನ್ನು ಮುಟ್ಟಿ, ಕಡೆಗೆ ರಾಯಚೂರಿನ ಕಡೆ ಕೃಷ್ಣೆಯಲ್ಲಿ ಒಂದಾಯಿತು. ಬ್ಯಾಂಕ್ ಗುಮಾಸ್ತರ ಮಗನ ಬೆರಳು ಅಫಜಲಪುರದ ಮೇಲೆ ನಿಂತಿತು. ಅವನ ಅಜ್ಜಿ ಇಂದಿಗೂ ಆ ತಾಲೂಕಿನ ಹೊಳೆಸಾಲಿನ ಹಳ್ಳಿಯಲ್ಲಿದ್ದಾರೆ.

ಆ ಸಂಜೆ ಹುಡುಗನು ಮನೆಗೆ ಹೋಗಿ, ನಾವು ಇಲ್ಲಿ ಬಚ್ಚಲಿಗೆ ಚೆಲ್ಲಿದ್ದು ಅಜ್ಜಿಯ ಊರಿನ ಕಡೆಗೆ ಹೋಗುತ್ತದೆಂದು ಹೇಳಿದನಂತೆ. ತಂದೆಯು ನಮ್ಮೊಡನೆ ಈ ವಿಷಯವನ್ನು ಹೇಳುತ್ತ, "ಹದಿನೈದು ವರುಷ ಇಲ್ಲಿ ನೌಕರಿ ಮಾಡಿದೆ. ಸಂಗಮದ ಸೇತುವೆಯ ಮೇಲೆ ದಿನಾ ಮೂಗು ಮುಚ್ಚಿಕೊಂಡು ದಾಟಿದೆ. ಅದು ನಮ್ಮ ಭೀಮೆಯ ನೀರು ಎಂದು ಒಮ್ಮೆಯೂ ಹೊಳೆಯಲಿಲ್ಲ ನೋಡಿರಿ," ಎಂದರು. ಅಡುಗೆಯವರ ಮಗಳು ತನ್ನ ತಂದೆಯನ್ನು ಇನ್ನೊಂದು ಪ್ರಶ್ನೆಯಿಂದ ಇಕ್ಕಟ್ಟಿಗೆ ಸಿಲುಕಿಸಿದಳು: ಬೋಂಡಾ ಕರಿದು ಉಳಿದ ಎಣ್ಣೆಯನ್ನು ಹೋಟೆಲಿನಲ್ಲಿ ಎಲ್ಲಿಗೆ ಚೆಲ್ಲುತ್ತಾರೆ ಎಂದು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರೊಬ್ಬರೇ ಅಲ್ಲ. ನಮ್ಮ ಹೋಟೆಲ್ ಉದ್ಯಮದವರೆಲ್ಲರೂ.

ಪತ್ರ ಬರೆದ ಬಾಲಕ

ಗುಡ್ಡ ಹತ್ತಿ ಹಕ್ಕಿ ಎಣಿಸಿದರೆ ಮಕ್ಕಳ ಹೊಟ್ಟೆ ತುಂಬುವುದೇ ಎಂದು ಕೇಳುವವರೂ ಉಂಟು. ಅವರಿಗೆ ನಾವು ಪುಣೆಯವನೇ ಆದ ಒಬ್ಬ ಬಾಲಕನ ವಿಷಯವನ್ನು ಹೇಳಬೇಕು. 1942ರಲ್ಲಿ ಹುಟ್ಟಿದ ಮಾಧವ ಗಾಡಗೀಳರು ಹುಡುಗರಾಗಿದ್ದಾಗ ಒಂದು ವಿಷಯವನ್ನು ಕಂಡರು. ಗಾಳಿಯಲ್ಲಿಯೇ ನೊಣ, ಕೀಟಗಳನ್ನು ಹಿಡಿದು ತಿನ್ನುವ ಹಸುರು ಹಕ್ಕಿ ಕಳ್ಳಿಪೀರ; ಅದರ ಬಾಲದ ನಡುವೆ ಸೂಜಿಯಂಥ ಉದ್ದನೆಯ ಗರಿಗಳಿರುತ್ತವೆ. ಕೆಲವು ಹಕ್ಕಿಗಳಿಗೆ ಅವು ಇರಲಿಲ್ಲ. ಹೀಗೇಕೆಂದು ಅವರು ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರಿಗೆ ಪತ್ರ ಬರೆದರು. ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಹಾಗಾಗುತ್ತದೆಂದು ಆ ಹಿರಿಯರು ಹುಡುಗನಿಗೆ ಉತ್ತರವನ್ನೂ ಬರೆದರು.

ಅದೇ ಹುಡುಗನು ಮುಂದೆ ಹಾರ್ವರ್ಡಿನಲ್ಲಿ ಕಲಿತು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಪರಿಸರ ವಿಜ್ಞಾನದ ಕೇಂದ್ರವನ್ನು ಕಟ್ಟಿದನು. ಉತ್ತರ ಕನ್ನಡದ ಕಾಡುಗಳಲ್ಲಿ ಹಳ್ಳಿಗರೊಡನೆ ಅಲೆದನು. ಪಶ್ಚಿಮ ಘಟ್ಟಗಳ ರಕ್ಷಣೆಯನ್ನು ಕುರಿತು 2011ರಲ್ಲಿ ಸರಕಾರಕ್ಕೆ ವರದಿ ಒಪ್ಪಿಸಿದ ಸಮಿತಿಯ ಅಧ್ಯಕ್ಷನಾದನು. 2023ರಲ್ಲಿ ಹೊರಬಂದ ಅವರ ಆತ್ಮಕಥೆಯ ಹೆಸರಿನಲ್ಲಿಯೇ ಗುಡ್ಡವನ್ನು ಏರುವ ನಡಿಗೆಯ ಮಾತಿದೆ. ಎಲ್ಲ ಮಕ್ಕಳೂ ಅಂಥ ವಿಜ್ಞಾನಿಗಳಾಗುವರೆಂದು ನಾವು ಹೇಳುವುದಿಲ್ಲ. ಆದರೆ ಕಂಡುದನ್ನು ಕುರಿತು ಏಕೆ ಎಂದು ಕೇಳುವ ಅಭ್ಯಾಸವು ಬ್ಯಾಂಕಿನಲ್ಲಿಯೂ ಹೋಟೆಲಿನಲ್ಲಿಯೂ ಕೆಲಸಕ್ಕೆ ಬರುವಂಥದು.

ನಮ್ಮವರಿಗೆ ಇದೇನೂ ಹೊಸ ವಿಚಾರವಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ, ಮಕ್ಕಳು ಗಿಡ ಮರಗಳ ನಡುವೆ ಆಡಿ ಕಲಿಯಬೇಕೆಂದು ಮಾಡಿ ತೋರಿಸಿದರು. 1936ರಷ್ಟು ಹಿಂದೆಯೇ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಹೊರತಂದರು. ಜಗತ್ತಿನ ರಾಷ್ಟ್ರಗಳು ಪರಿಸರ ಶಿಕ್ಷಣವನ್ನು ಕುರಿತು ಟಿಬಿಲಿಸಿ ನಗರದಲ್ಲಿ ಸಮಾವೇಶ ನಡೆಸಿದುದು 1977ರಲ್ಲಿ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಕಡ್ಡಾಯ ಪಾಠವಾಗಿ ಕಲಿಸಬೇಕೆಂದು 1991ರಲ್ಲಿ ಹೇಳಿ, 2003ರಲ್ಲಿ ಅದನ್ನು ಮತ್ತೆ ಒತ್ತಿ ಹೇಳಿತು. ಪುಣೆಯಲ್ಲಿಯೇ ಭಾರತಿ ವಿದ್ಯಾಪೀಠವು 1993ರಲ್ಲಿ ಪರಿಸರ ಶಿಕ್ಷಣಕ್ಕೆಂದು ಬೇರೆ ಸಂಸ್ಥೆಯನ್ನು ಆರಂಭಿಸಿತು, ಶಸ್ತ್ರವೈದ್ಯರಾದ ಡಾ. ಎರಾಚ್ ಭರೂಚಾ ಅವರು ಅದರ ನಿರ್ದೇಶಕರಾಗಿ ಕಾಲೇಜು ವಿದ್ಯಾರ್ಥಿಗಳಿಗೆ ಈ ವಿಷಯದ ಪಠ್ಯಪುಸ್ತಕವನ್ನೂ ಬರೆದರು. ಆದರೂ ಹೆಚ್ಚಿನ ಶಾಲೆಗಳಲ್ಲಿ ಈ ಪಾಠವು ಬಾಯಿಪಾಠದ ಪ್ರಶ್ನೋತ್ತರವಾಗಿ ಮುಗಿಯುತ್ತದೆ. ನೀರಿನ ಮಾಲಿನ್ಯಕ್ಕೆ ಐದು ಕಾರಣಗಳನ್ನು ಬರೆದು ಐದು ಅಂಕ ಪಡೆದ ಮಗುವು ಮುಠಾ ನದಿಯ ದಡದಲ್ಲಿ ಒಮ್ಮೆಯೂ ನಿಂತಿರುವುದಿಲ್ಲ.

ತಂದೆಯ ಬಾಲ್ಯ, ಮಗನ ರಜೆ

ಈಗ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇವೆ. ಕ್ಯಾಷಿಯರರು ಮಗನನ್ನು ಶಿಬಿರಕ್ಕೆ ಕಳುಹಿಸಲು ಮೊದಲು ಒಪ್ಪಿರಲಿಲ್ಲ. "ಗುಡ್ಡಕ್ಕೆ ಹೋಗಿ ಇವನಿಗೆ ಸಿಗುವುದೇನು? ಇವನ ವಯಸ್ಸಿನಲ್ಲಿ ನಾನು ಕಪ್ಪು ಬಸಿ ತೊಳೆದು ಮನೆಗೆ ಹಣ ಕಳುಹಿಸುತ್ತಿದ್ದೆ. ರಜೆಯಲ್ಲಿ ಲೆಕ್ಕದ ಟ್ಯೂಷನ್ನಿಗೆ ಹೋಗಲಿ," ಎಂಬುದು ಅವರ ವಾದ. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು, ದೊಡ್ಡಪ್ಪನ ಬೆನ್ನು ಹಿಡಿದು, ಬಸ್ಸಿನಲ್ಲಿ ಪುಣೆಗೆ ಬಂದವರು ಅವರು. ಕ್ಲೀನರ್ ಆಗಿ, ಮಾಣಿಯಾಗಿ, ಸಪ್ಲೈಯರ್ ಆಗಿ, ಈಗ ಗಲ್ಲಾದಲ್ಲಿ ಕುಳಿತಿದ್ದಾರೆ. ಅವರ ಮಾತಿನಲ್ಲಿ ಕಹಿಯಿರಲಿಲ್ಲ; ತನಗೆ ದೊರೆಯದುದರ ಬೆಲೆಯು ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಈ ಕಥೆಯು ನಮ್ಮ ಎಷ್ಟು ವಾಚಕರದಾಗಿರಬಹುದೆಂಬುದನ್ನು ನಾವು ಬಲ್ಲೆವು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧವು ಜಾರಿಗೆ ಬಂದದ್ದು 2006ನೆಯ ಅಕ್ಟೋಬರ್ 10ರಂದು. 2016ರ ತಿದ್ದುಪಡಿಯು ಆ ವಯಸ್ಸಿನ ಮಕ್ಕಳಿಗೆ, ಶಾಲೆಯ ವೇಳೆಯ ಹೊರಗೆ ಮನೆಯವರಿಗೆ ನೆರವಾಗುವಂಥ ಕೆಲವನ್ನು ಬಿಟ್ಟು, ಎಲ್ಲ ಉದ್ಯೋಗಗಳನ್ನೂ ನಿಷೇಧಿಸಿತು. ಅದಕ್ಕೆ ಮೊದಲು ಬಂದವರಲ್ಲಿ ಎಷ್ಟೋ ಮಂದಿಗೆ ಹದಿಮೂರನೆಯ ವಯಸ್ಸಿನ ಬೇಸಿಗೆ ರಜೆಯೆಂಬುದೇ ಇರಲಿಲ್ಲ. ಕಾಯಿದೆಯು ಮಕ್ಕಳ ಕೈಯಿಂದ ಲೋಟ ಒರೆಸುವ ಬಟ್ಟೆಯನ್ನು ತೆಗೆಯಿತು. ಆ ಕೈಗೆ ಏನನ್ನು ಕೊಡಬೇಕೆಂಬುದನ್ನು ಕಾಯಿದೆಯು ಹೇಳದು. ತಂದೆ ತಾಯಿಯರೇ ನಿಶ್ಚಯಿಸಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ, ಬಿಸಿಲಿಗೆ ಗುಡ್ಡ ಸುತ್ತುವುದು ಬೇಡವೆಂದು ಮನೆಯಲ್ಲಿಯೇ ಉಳಿಸುವವರು ಹೆಚ್ಚು. ಅಡುಗೆಯವರ ಮಗಳು ಬಂದದ್ದು ಅವಳ ತಾಯಿಯ ಹಟದಿಂದ ಎಂಬುದನ್ನು ಸಂತೋಷದಿಂದ ಇಲ್ಲಿ ಕಾಣಿಸುತ್ತೇವೆ.

ಇದರಲ್ಲಿ ಗುಡ್ಡದ ಹಿತವೂ ಅಡಗಿದೆ. ವೇತಾಳ ಟೇಕಡಿಯ ಮೂಲಕ ಬಾಲಭಾರತಿಯಿಂದ ಪೌಡ ರಸ್ತೆಗೆ ಹಾದಿ ಮಾಡುವ ಯೋಜನೆಯನ್ನು ವಿರೋಧಿಸಿ 2023ರಲ್ಲಿ ನಾಗರಿಕರು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. ವಾಹನಗಳ ದಟ್ಟಣೆಗೆ ಪರಿಹಾರ ಬೇಕೆನ್ನುವವರ ವಾದವೂ ಇದೆ. ಯಾವುದು ಸರಿಯೆಂದು ನಾಳೆ ತೀರ್ಮಾನಿಸಬೇಕಾದವರು ಇಂದಿನ ಈ ಮಕ್ಕಳೇ. ಗುಡ್ಡದಲ್ಲಿ ಏನಿದೆಯೆಂಬುದನ್ನು ಎಣಿಸಿ ತಿಳಿದವರ ಮಾತಿಗೂ ಎಣಿಸದವರ ಮಾತಿಗೂ ವ್ಯತ್ಯಾಸವಿರುತ್ತದೆ.

ನಮ್ಮ ಕೈಲಾಗುವುದು

ಇಂಥ ಶಿಬಿರಗಳ ಶುಲ್ಕವು ಕೆಲವು ಕಡೆ ನಮ್ಮವರ ಕೈಗೆ ನಿಲುಕುವಂತಿರುವುದಿಲ್ಲ. ಆದರೆ ಹುರಿಗೂ ವಹಿಗೂ ಹೆಚ್ಚು ಹಣ ಬೇಡ. ಟೇಕಡಿಯು ಶುಲ್ಕ ಕೇಳದು. ಪುಣೆಯ ಕನ್ನಡ ಸಂಘವೂ ಅದು ನಡೆಸುವ ಶಾಲೆಗಳೂ, ಹಾಗೆಯೇ ಬೇರೆ ಊರುಗಳ ನಮ್ಮ ಸಂಘಗಳೂ, ನಾಟಕ, ಯಕ್ಷಗಾನಗಳಿಗೆ ಕೊಡುವ ಉತ್ಸಾಹದ ಒಂದು ಪಾಲನ್ನು ಬೇಸಿಗೆಯಲ್ಲಿ ಇದಕ್ಕೂ ಕೊಡಬಹುದಲ್ಲವೇ? ಹೋಟೆಲ್ ಮಾಲೀಕರು ತಮ್ಮಲ್ಲಿ ದುಡಿಯುವವರ ಒಂದೊಂದು ಮಗುವಿನ ಶುಲ್ಕವನ್ನು ವಹಿಸಿಕೊಂಡರೆ ಅವರಿಗೆ ಅದು ಭಾರವಾಗದು. ಸಸ್ಯ, ಪ್ರಾಣಿಶಾಸ್ತ್ರಗಳನ್ನು ಓದಿದ ನಮ್ಮ ಕಾಲೇಜು ತರುಣರು ವಾರಕ್ಕೊಂದು ಬೆಳಗನ್ನು ಕೊಟ್ಟರೆ ಶಿಕ್ಷಕರ ಕೊರತೆಯೂ ನೀಗುವುದು.

ಮಕ್ಕಳೊಡನೆ ಹೋಗುವವರಿಗೆ ಎರಡು ಮಾತು. ಬೇಸಿಗೆಯಲ್ಲಿ ಆರರಿಂದ ಒಂಬತ್ತು ಗಂಟೆಯೊಳಗೆ ಹೋಗಿ ಬರಬೇಕು. ನೀರು, ಟೋಪಿ, ಮುಚ್ಚಿದ ಪಾದರಕ್ಷೆಗಳಿರಬೇಕು. ಕಲ್ಲಿನ ಸಂದಿಗೆ ಕೈ ಹಾಕಬಾರದು. ಹಾವನ್ನು ಕಂಡರೆ ದೂರ ನಿಲ್ಲಬೇಕು. ಗಣಿಯ ಅಂಚಿಗೂ ನೀರಿಗೂ ಮಕ್ಕಳನ್ನು ಬಿಡಬಾರದು. ಗೂಡನ್ನು ಮುಟ್ಟದೆ, ಹೂವನ್ನು ಕೀಳದೆ, ಕಂಡುದನ್ನು ಬರೆದು ತರಬೇಕು.

ಶಿಬಿರದ ಕಡೆಯ ದಿನ ತಂದೆ ತಾಯಿಯರನ್ನು ಟೇಕಡಿಗೆ ಕರೆದಿದ್ದರು. ಕ್ಯಾಷಿಯರರು ಗಲ್ಲಾಕ್ಕೆ ಬದಲಿಯವರನ್ನು ಕೂರಿಸಿ ಬಂದಿದ್ದರು. ಏರಿನಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಮಗನು ಮುಂದೆ ಮುಂದೆ ಓಡುತ್ತ, "ಅಪ್ಪಯ್ಯಾ, ಇಲ್ಲಿ ನೋಡಿ, ಇದು ನಮ್ಮ ಗೊಬ್ಬರದ ಗಿಡ, ಇದು ಆರಿದ ಬೆಂಕಿಯ ಕಲ್ಲು," ಎಂದು ತೋರಿಸುತ್ತಿದ್ದನು. ನೆತ್ತಿಗೆ ಬಂದ ಮೇಲೆ ತಂದೆಯು ಕೆಳಗೆ ಹರಡಿದ ನಗರವನ್ನು ಬಹಳ ಹೊತ್ತು ನೋಡಿ, ತನ್ನ ಹೋಟೆಲು ಯಾವ ದಿಕ್ಕಿಗಿದೆಯೆಂದು ಮಗನನ್ನು ಕೇಳಿದರು. ಮಗನು ತೋರಿಸಿದನು.

"ಇಪ್ಪತ್ತೆಂಟು ವರ್ಷ ಇದರ ಬುಡದಲ್ಲಿಯೇ ಇದ್ದೆ. ಹತ್ತಿ ನೋಡಿದ್ದು ಇವತ್ತು," ಎಂದು ಅವರು ನಮಗೆ ಹೇಳಿದರು. ಬಳಿಕ ಮಗನ ವಹಿಯನ್ನು ಕೇಳಿ ತೆಗೆದುಕೊಂಡು, ಕಲ್ಲಿನ ಮೇಲೆ ಕುಳಿತು, ಮೊದಲ ಪುಟದಿಂದ ಓದತೊಡಗಿದರು.

ಮುಂದಿನ ಬೇಸಿಗೆಯಲ್ಲಿ ಇಂಥ ವಹಿಗಳು ನಮ್ಮವರ ಇನ್ನೂ ಹಲವು ಮನೆಗಳಿಗೆ ಬರಲಿ ಎಂದು ಹಾರೈಸುತ್ತೇವೆ.